ಹನ್ನೆರಡನೆಯ ಹಂದಿ

ಆ ಹಂದಿಗೆ ನಾನು ಹೆಸರಿಟ್ಟಿರಲಿಲ್ಲ. ದೊಡ್ಡಿಯ ಅಂಗಳದಲ್ಲಿ ಮೂರು ಜನರ ಮುಂದೆ ನಿಂತು ಹಾಗೆಂದೇ ಹೇಳಿದೆ, ಹೇಳುವಾಗ ಅದು ನಿಜವೆಂದೇ ನಂಬಿದ್ದೆ. ಹೆಸರಿಡುವುದೆಂದರೆ ಏನೆಂದು ನಮ್ಮ ಊರಿನಲ್ಲಿ ತಪ್ಪುಹೆಜ್ಜೆ ಇಡುವ ಮಗುವಿಗೂ ಗೊತ್ತು. ಹೆಸರಿರುವ ಮೈಯನ್ನು ಅಲಗು ಕೊಯ್ಯುವುದಿಲ್ಲ. ಸೂಜಿ ಹೋಗುತ್ತದೆ, ಹಲ್ಲು ನಾಟುತ್ತದೆ, ಕಲ್ಲು ತಾಗಿದರೆ ರಕ್ತ ಬರುತ್ತದೆ. ಕತ್ತಿ, ಚಾಕು, ಕುಡುಗೋಲು ಮಾತ್ರ ನುಣ್ಣಗೆ ಜಾರಿಹೋಗುತ್ತವೆ.

ಆದ್ದರಿಂದ ನಮ್ಮ ಹೆಂಗಸರ ಬೆರಳುಗಳಲ್ಲಿ ಈಳಿಗೆಮಣೆಯ ಗಾಯ ಇರುವುದಿಲ್ಲ. ಸೂಲಗಿತ್ತಿ ಹೊಕ್ಕುಳಬಳ್ಳಿ ಕೊಯ್ದು ಮುಗಿಸುವವರೆಗೆ ಮನೆಯವರೆಲ್ಲ ತುಟಿ ಬಿಗಿಹಿಡಿದು ಕೂತಿರುತ್ತಾರೆ, ಯಾರಾದರೂ ಮುದ್ದಿಗೆ ಏನಾದರೂ ಕರೆದುಬಿಟ್ಟಾರೆಂದು. ಜಗಳವಾದರೆ ಗಂಡಸರು ದೊಣ್ಣೆ ಹುಡುಕುತ್ತಾರೆ. ನಮ್ಮ ಬೀದಿಯ ಅಜ್ಜಿಯೊಬ್ಬಳು ತನ್ನ ಹುಂಜವನ್ನು ತಮಾಷೆಗೆ ಶಾನುಭೋಗ ಎಂದು ಕರೆದಳು, ಅದು ತಿರುಗಿ ನೋಡಿತು. ಅಲ್ಲಿಗೆ ಅದರ ಹೆಸರು ಹಿಡಿಯಿತು. ಒಂಬತ್ತು ವರ್ಷದಿಂದ ಶಾನುಭೋಗ ಬೀದಿಯ ತುಂಬ ಅಧಿಕಾರ ನಡೆಸುತ್ತಿದೆ, ಪ್ರತಿ ಹಬ್ಬಕ್ಕೂ ಅಜ್ಜಿ ಅದನ್ನು ನೋಡಿ ಬೈದುಕೊಂಡು ತೊವ್ವೆ ಮಾಡುತ್ತಾಳೆ.

ನಾನು ಕೆಲಸ ಮಾಡುವುದು ಲಸಿಕೆಯ ದೊಡ್ಡಿಯಲ್ಲಿ. ಅಲ್ಲಿ ಹನ್ನೆರಡು ಹಂದಿಗಳಿದ್ದವು. ಅವುಗಳಿಗೆ ಹೆಸರು ಹಿಡಿಯದಂತೆ ನೋಡಿಕೊಳ್ಳುವುದು ಮೇವು ಹಾಕುವುದರಷ್ಟೇ ದೊಡ್ಡ ಕೆಲಸ. ಕಿವಿಗೆ ಕಟ್ಟಿದ ಬಿಲ್ಲೆಯ ಸಂಖ್ಯೆಯನ್ನು ಪ್ರತಿ ಸೋಮವಾರ ಬದಲಾಯಿಸುತ್ತಿದ್ದೆವು. ಈ ವಾರ ಐದಾಗಿದ್ದ ಹಂದಿ ಮುಂದಿನ ವಾರ ಎರಡಾಗುತ್ತಿತ್ತು. ಸಂಖ್ಯೆಯೂ ಬಹಳ ದಿನ ಒಂದೇ ಮೈಮೇಲೆ ಕೂತರೆ ಹೆಸರಾಗಿಬಿಡುತ್ತದೆ ಎಂದು ಹಳಬರು ಎಚ್ಚರಿಸಿದ್ದರು. ನಿಜವಾದ ಗುರುತು ಕಿವಿಯ ಅಂಚಿನಲ್ಲಿದ್ದ ಕಚ್ಚುಗಳು. ಅವನ್ನು ಓದುವುದು ಡಾಕ್ಟರ್ ಸುಲೋಚನಾ ಅವರಿಗೆ ಮಾತ್ರ ಬರುತ್ತಿತ್ತು.

ಡಾಕ್ಟರ್ ಹೊರ ಊರಿನವರು. ಬಂದ ಹೊಸದರಲ್ಲಿ ಎಲ್ಲವನ್ನೂ ಕಂಡು ಬೆರಗಾಗುತ್ತಿದ್ದರು, ಆಮೇಲೆ ನಮ್ಮಂತೆಯೇ ಆದರು. ಅವರು ಓದಿದ್ದು ಲಾಡಿಹುಳದ ಬಗ್ಗೆ. ಹುಳದ ಮರಿ ಮೊಟ್ಟೆಯೊಡೆದು ಬರುವಾಗ ಅದರ ಮೈಮೇಲೆ ಕೆಲವು ಪ್ರೋಟೀನುಗಳಿರುತ್ತವಂತೆ. ಅವುಗಳಲ್ಲಿ ಎರಡನ್ನು ಆರಿಸಿ, ಹುಳದ ಹಂಗಿಲ್ಲದೆ ಗಾಜಿನ ಜಾಡಿಯಲ್ಲೇ ತಯಾರಿಸಿದ್ದರು. "ಕಳ್ಳನ ಅಂಗಿಯನ್ನ ನಾಯಿಗೆ ಮೊದಲೇ ಮೂಸೋಕೆ ಕೊಟ್ಟ ಹಾಗೆ ವೇಣಕ್ಕ," ಎಂದು ನನಗೆ ಹೇಳಿಕೊಟ್ಟಿದ್ದರು. "ಈ ಪ್ರೋಟೀನು ಚುಚ್ಚಿದ್ರೆ ಹಂದಿಯ ರಕ್ತ ಅದರ ಗುರುತು ಇಟ್ಕೊಳ್ಳುತ್ತೆ. ನಾಳೆ ನಿಜವಾದ ಮರಿಹುಳ ಬಂದ್ರೆ ಹಿಡಿದು ಕೊಲ್ಲುತ್ತೆ. ಕೊಲ್ಲುತ್ತೋ ಇಲ್ವೋ ಅನ್ನೋದೇ ನಾವು ನೋಡಬೇಕಾಗಿರೋದು."

ನಾಲ್ಕು ಹಂದಿಗಳಿಗೆ ಒಂದನೆಯ ಪ್ರೋಟೀನು, ನಾಲ್ಕಕ್ಕೆ ಎರಡನೆಯದು, ಉಳಿದ ನಾಲ್ಕಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಎಂಬುದನ್ನು ಬರೆದು ಲಕೋಟೆಯಲ್ಲಿ ಅರಗು ಹಾಕಿ ಮುಚ್ಚಿಟ್ಟಿದ್ದರು. ಎರಡು ಸಲ ಚುಚ್ಚಿದ ಮೇಲೆ ಹನ್ನೆರಡಕ್ಕೂ ಬೂಸಾದಲ್ಲಿ ಹುಳದ ಮೊಟ್ಟೆಗಳನ್ನು ಕಲಸಿ ತಿನ್ನಿಸಿದೆವು. ಮೂರು ತಿಂಗಳು ಕಾಯಬೇಕು. ಆಮೇಲೆ ಹಂದಿಗಳನ್ನು ಕೊಯ್ದು, ಮಾಂಸವನ್ನು ತೆಳ್ಳಗೆ ಹಾಳೆಹಾಳೆಯಾಗಿ ಸೀಳಿ, ಒಳಗೆ ಹುಳದ ಗುಳ್ಳೆಗಳೆಷ್ಟಿವೆ ಎಂದು ಎಣಿಸಬೇಕು. ಸೀಳದೆ ಎಣಿಸಲು ಬೇರೆ ದಾರಿಯಿಲ್ಲ.

ಆ ಗುಳ್ಳೆ ಎಂಥದ್ದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ದೊಡ್ಡ ಮಗಳು ಲಲ್ಲಿಯ ತಲೆಯೊಳಗೆ ಅಂಥವು ಮೂರು ಇವೆ. ಹಂದಿಯ ಅರೆಬೆಂದ ಮಾಂಸ ತಿಂದವರ ಹೊಟ್ಟೆಯಲ್ಲಿ ಹುಳ ಬೆಳೆಯುತ್ತದೆ. ಅವರು ಬಯಲಿಗೆ ಹೋದರೆ ಮೊಟ್ಟೆಗಳು ಮಣ್ಣಿಗೆ ಬೀಳುತ್ತವೆ. ಮಣ್ಣಿನಿಂದ ಹಂದಿಯ ಬಾಯಿಗೆ, ಸೊಪ್ಪಿಗೆ, ಕೈಗೆ, ಮಗುವಿನ ಬಾಯಿಗೆ. ಲಲ್ಲಿ ಆರು ವರ್ಷದವಳಿದ್ದಾಗ ಮೊದಲ ಸಲ ಮೈ ಸೆಟೆದುಕೊಂಡು ಬಿದ್ದಳು. ಈಗ ಒಂಬತ್ತು. ಎಡಗಣ್ಣು ಪೂರ್ತಿ ಮಂಜು. ದಿನಕ್ಕೆ ಎರಡು ಮಾತ್ರೆ ನುಂಗುತ್ತಾಳೆ. ಚಿಕ್ಕವಳು ಅಂಬು ಒಂದೂವರೆ ವರ್ಷದವಳು, ಅಂಗಳದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾಳೆ. ನಮ್ಮ ಬೀದಿಯ ಹಂದಿಗಳೆಲ್ಲ ಅದೇ ಅಂಗಳದ ಮೇಲೆಯೇ ಓಡಾಡುತ್ತವೆ. ಆ ಹಂದಿಗಳಲ್ಲಿ ಹುಳ ನಿಲ್ಲದಂತೆ ಮಾಡಿದರೆ ಅಂಬುವಿನ ತಲೆ ಉಳಿಯುತ್ತದೆ. ನಾನು ದೊಡ್ಡಿಯ ಕೆಲಸಕ್ಕೆ ಸೇರಿದ್ದು ಅದಕ್ಕೆ.

ಕೊಯ್ಯುವ ದಿನ ಬಂತು. ಕೊಯ್ಯುವವರು ಕೆಂಚಪ್ಪ. ಅರವತ್ತು ದಾಟಿದ ಮನುಷ್ಯ, ಪ್ರಾಣಿಯ ಮುಖ ನೋಡದೆ ಹಿಂದಿನಿಂದ ಬಂದು ಕೆಲಸ ಮುಗಿಸುವವರು. ಸೀಳಿ ಎಣಿಸುವುದು ನಾನು ಮತ್ತು ದೊಡ್ಡಿಯ ಇನ್ನೊಬ್ಬ ಕೆಲಸದವಳು ಭಾಗಿ. ಮೂರು ದಿನಗಳಲ್ಲಿ ಹನ್ನೊಂದು ಹಂದಿಗಳಾದವು. ಎಂಟು ಹಂದಿಗಳ ಮಾಂಸದ ತುಂಬ ಸಬ್ಬಕ್ಕಿ ಚೆಲ್ಲಿದಂತೆ ಗುಳ್ಳೆಗಳು. ನಾಲಿಗೆಯಲ್ಲಿ, ಹೃದಯದಲ್ಲಿ, ತೊಡೆಯಲ್ಲಿ. ಕೆಲವುಗಳಲ್ಲಿ ಎಣಿಕೆ ಸಾವಿರ ದಾಟಿತು. ಮೂರು ಹಂದಿಗಳಲ್ಲಿ ಒಂದೇ ಒಂದು ಗುಳ್ಳೆಯಿರಲಿಲ್ಲ. ಅಂಥ ಮೂರನೆಯದನ್ನು ಮುಗಿಸಿ ನಾನು "ಇಲ್ಲ" ಎಂದಾಗ ಡಾಕ್ಟರ್ ಕೈಯಲ್ಲಿದ್ದ ಪೆನ್ನನ್ನು ಮುಚ್ಚಿ ಮತ್ತೆ ತೆರೆದರು. ನಾಲ್ಕನೆಯದೂ ಹಾಗೇ ಇದ್ದರೆ ಒಂದು ಗುಂಪು ಪೂರ್ತಿ ಸ್ವಚ್ಛವಾದಂತೆ. ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಹನ್ನೆರಡನೆಯ ಹಂದಿಯ ಕುತ್ತಿಗೆಯ ಮೇಲೆ ಕೆಂಚಪ್ಪನ ಕತ್ತಿ ಗಾಜಿನ ಮೇಲೆ ಆಡಿದಂತೆ ಜಾರಿತು. ಅವರು ಕತ್ತಿಯನ್ನು ಹೆಬ್ಬೆರಳಿಗೆ ಒತ್ತಿ ನೋಡಿ, ಬೇರೆ ಕತ್ತಿ ತಂದರು. ಅದೂ ಜಾರಿತು. ಕಟ್ಟಿದ್ದ ಹಗ್ಗ ಬಿಚ್ಚಿ ಅಂಗಳಕ್ಕೆ ಬಂದು, ತಲೆಗೆ ಸುತ್ತಿದ್ದ ಟವೆಲು ತೆಗೆದು ಮುಖ ಒರೆಸಿಕೊಂಡರು.

"ಯಾರೋ ಹೆಸರಿಟ್ಟವ್ರೆ," ಎಂದರು.

ಡಾಕ್ಟರ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. "ಯಾರು?"

"ನನ್ನ ಕಡೆ ನೋಡಬೇಡಿ ಮೇಡಂ. ನಾನು ಅದರ ಹಿಂಭಾಗ ಬಿಟ್ಟು ಬೇರೇನೂ ನೋಡಿಲ್ಲ," ಎಂದರು ಕೆಂಚಪ್ಪ.

"ನಾನಂತೂ ಇಲ್ಲಪ್ಪ," ಎಂದಳು ಭಾಗಿ. "ನಾನು ಇವುಗಳಿಗೆ ಬೈಯೋದು ಬಿಟ್ಟರೆ ಮಾತೇ ಆಡಲ್ಲ. ಬೈಗುಳ ಎಲ್ಲಕ್ಕೂ ಒಂದೇ."

ಹೆಸರಿಟ್ಟಿಲ್ಲ ಎಂದು ನಾನು ಹೇಳಿದ್ದು ಆಗಲೇ.

ಡಾಕ್ಟರ್ ಹಂದಿಯನ್ನು ಮತ್ತೆ ಗೂಡಿಗೆ ಬಿಡಲು ಹೇಳಿದರು. ಭಾಗಿ ಬಾಗಿಲು ತೆರೆದು ಹಿಂದಿನಿಂದ ಗದರಿಸಿದಳು. ಹಂದಿ ಅಲುಗಾಡಲಿಲ್ಲ. ಭಯಪಟ್ಟಿತ್ತು, ನಾಲ್ಕು ಕಾಲು ಊರಿ ನಿಂತಿತ್ತು. ನಾನು ಮುಂದೆ ಹೋಗಿ ಗೂಡಿನೊಳಗಿನಿಂದ, ಮೂರು ತಿಂಗಳು ದಿನಕ್ಕೆ ಎರಡು ಸಲ ಕರೆದಂತೆಯೇ ಕರೆದೆ.

"ಕೊನೇದೇ, ಬಾ."

ಅದು ತಲೆಯೆತ್ತಿ, ನನ್ನ ಕಡೆ ತಿರುಗಿ, ಬಂತು.

ಬೋಗುಣಿಯಲ್ಲಿ ಮೇವು ಸುರಿದಾಗ ಹನ್ನೊಂದು ಹಂದಿಗಳು ನುಗ್ಗಿ ಬರುತ್ತಿದ್ದವು. ಇದೊಂದು ಹಿಂದೆ ನಿಂತು ಉಳಿದವು ಸರಿಯುವವರೆಗೆ ಕಾಯುತ್ತಿತ್ತು. ಹಾಗೆ ಕಾಯುವ ಪ್ರಾಣಿಗೆ ಮೇವು ಉಳಿಯುವುದಿಲ್ಲ. ನಾನು ಒಂದು ಹಿಡಿ ತೆಗೆದಿಟ್ಟು, ಕೊನೆಯಲ್ಲಿ ಬರುವುದನ್ನು ಕೊನೇದೇ ಎಂದು ಕರೆದು ಹಾಕುತ್ತಿದ್ದೆ. ಬಿಲ್ಲೆ ಬದಲಾಯಿತು, ಸಂಖ್ಯೆ ಬದಲಾಯಿತು, ಅದು ಕೊನೆಗೆ ನಿಲ್ಲುವುದು ಬದಲಾಗಲಿಲ್ಲ. ನನಗೆ ಅದು ಒಂದು ಮಾತಷ್ಟೇ ಆಗಿತ್ತು. ಅದಕ್ಕೆ ಹೆಸರಾಯಿತು.

ಭಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಂಚಿನ ಮೇಲೆ ಕೂತು ಹೇಳಿದರು. "ಹತ್ತು ದಿನ ಇದೆ. ಎಲ್ಲ ಹಂದಿಗಳ ಒಳಗೆ ಹುಳದ ವಯಸ್ಸು ಹೆಚ್ಚುಕಡಿಮೆ ಒಂದೇ ಇರಬೇಕು. ಹತ್ತು ದಿನ ದಾಟಿದರೆ ಹೋಲಿಸೋಕೆ ಬರಲ್ಲ. ಮೂರು ಹಂದಿಯ ಲೆಕ್ಕವನ್ನ ಮೇಲಿನ ಸಮಿತಿ ಒಪ್ಪಲ್ಲ, ನಾಲ್ಕು ಬೇಕೇ ಬೇಕು ಅಂತ ಮೊದಲೇ ಬರೆದುಕೊಟ್ಟಿದ್ದೀನಿ. ಆಗದೇ ಇದ್ದರೆ ಈ ದೊಡ್ಡಿ ಮುಚ್ಚುತ್ತೆ."

"ಮತ್ತೆ ಮೊದಲಿಂದ ಮಾಡೋಕಾಗಲ್ವ ಮೇಡಂ?" ಎಂದು ಕೇಳಿದೆ.

"ಇನ್ನೊಂದು ಸಲಕ್ಕೆ ಯಾರೂ ಕೊಡಲ್ಲ ವೇಣಕ್ಕ."

ಕೆಂಚಪ್ಪ ನೆಲ ನೋಡುತ್ತ ಹೇಳಿದರು. "ಇಟ್ಟೋರೇ ಇಳಿಸಬೇಕು. ಬೇರೆ ದಾರಿ ಇಲ್ಲ ವೇಣವ್ವ."

ಹೆಸರು ಇಳಿಸುವುದು ಎಂದರೆ ಇಷ್ಟೇ. ಇಟ್ಟವರೇ ಹೆಸರು ಹಿಡಿದು ಕರೆಯಬೇಕು, ಕರೆಸಿಕೊಂಡವರು ತಿರುಗಬಾರದು. ಮೂರು ಸಲ ಕರೆದು ಮೂರು ಸಲವೂ ತಿರುಗದಿದ್ದರೆ ಹೆಸರು ಬಿದ್ದಂತೆ, ಅಲಗು ಹೋಗುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಅದಕ್ಕೇ ಒಂದು ಕೋಣೆಯಿದೆ. ದೊಡ್ಡ ಶಸ್ತ್ರಚಿಕಿತ್ಸೆಗಳೆಲ್ಲ ಆ ಕೋಣೆ ದಾಟಿಯೇ ಹೋಗಬೇಕು. ಮುದುಕರದು ಬೇಗ ಇಳಿಯುತ್ತದೆ. ಮಕ್ಕಳದು ಕಷ್ಟ.

ಲಲ್ಲಿಯನ್ನು ನಾನು ಆ ಕೋಣೆಯಲ್ಲಿ ಒಂಬತ್ತು ದಿನ ಇಟ್ಟಿದ್ದೆ. ಒಂದು ಗುಳ್ಳೆ ತಲೆಯೊಳಗಿನ ನೀರಿನ ದಾರಿಗೆ ಅಡ್ಡ ಕೂತಿದೆ, ತೆಗೆಯಲೇಬೇಕು ಎಂದಿದ್ದರು. ನಾನು ಕರೆಯಬೇಕು, ಅವಳು ಬಂದರೆ ನಾನು ಗೋಡೆಯ ಕಡೆ ಮುಖ ಮಾಡಬೇಕು. ಒಂಬತ್ತನೆಯ ದಿನ ಪರೀಕ್ಷೆ. ನಾನು ಕರೆದೆ, ಅವಳು ತಿರುಗಿದಳು. ನಾನು ಅವಳನ್ನು ಎತ್ತಿಕೊಂಡುಬಿಟ್ಟೆ. ಎತ್ತಿಕೊಂಡು ಹೆಸರು ಹಿಡಿದು ಎಷ್ಟು ಸಲ ಕರೆದೆನೋ ಲೆಕ್ಕವಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡುವ ಹೊತ್ತಿಗೆ ಕಣ್ಣು ಹೋಗಿತ್ತು. ನೀರು ತಾನಾಗಿಯೇ ಬೇರೆ ದಾರಿ ಮಾಡಿಕೊಂಡಿತು, ಜೀವ ಉಳಿಯಿತು. ಇನ್ನು ಕೊಯ್ದು ಫಲವಿಲ್ಲ, ಮಾತ್ರೆ ಕೊಡಿ ಎಂದರು. ಹೆಸರು ಇಳಿಸಲಾರದ ತಾಯಿ ಎಂದು ಆಸ್ಪತ್ರೆಯ ಕಾಗದದಲ್ಲೇ ಬರೆದಿದ್ದಾರೆ. ಆ ಕಾಗದವನ್ನು ಡಾಕ್ಟರ್ ಸುಲೋಚನಾ ನೋಡಿದ್ದರು.

ಮಾರನೆಯ ದಿನದಿಂದ ಶುರು ಮಾಡಿದೆ. ಮೇವು ಹಾಕುವ ಕೆಲಸ ಭಾಗಿಗೆ ಹೋಯಿತು. ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೂಕಿಯಂತೆ ಸುರಿದು ಬರುತ್ತಿದ್ದಳು. ನಾನು ಗಂಟೆಗೊಮ್ಮೆ ಗೂಡಿನ ಕಂಬಿಯ ಬಳಿ ನಿಂತು ಕರೆಯುತ್ತಿದ್ದೆ. "ಕೊನೇದೇ." ಹಂದಿ ಬರುತ್ತಿತ್ತು. ನಾನು ಬೆನ್ನು ತಿರುಗಿಸುತ್ತಿದ್ದೆ. ಅದು ಕಂಬಿಗೆ ಮೂತಿ ಒತ್ತಿ ಕಾಯುತ್ತಿತ್ತು. ಕಾಯುವುದು ಅದಕ್ಕೆ ಹೊಸದೇನಲ್ಲ. ನನ್ನ ಬೆನ್ನಿಗೆ ಅದರ ಉಸಿರು ತಾಗುತ್ತಿತ್ತು. ಮೂರು ದಿನ ಹೀಗೇ ಹೋಯಿತು, ಅದು ಒಂದು ಸಲವೂ ಬರದೆ ಉಳಿಯಲಿಲ್ಲ.

"ಮುದ್ದು ಮಾಡ್ತಾ ನಿಂತ್ರೆ ಆಗಲ್ಲ ಕಣವ್ವ," ಎಂದರು ಕೆಂಚಪ್ಪ. "ಕರಿ, ಬಂದ ತಕ್ಷಣ ಒಂದು ಬಿಗಿ. ನಾಕು ಸಲ ಬಿದ್ರೆ ಹೆಸರು ಬೇಡ ಅನ್ನುತ್ತೆ."

"ನಿಮ್ಮ ಹೆಂಡತಿಗೆ ಹಂಗೇ ಮಾಡಿದ್ರಾ?" ಎಂದಳು ಭಾಗಿ. "ನೀವು ಕರೆದರೆ ಅವರು ತಿರುಗಿಯೂ ನೋಡಲ್ವಲ್ಲ."

"ಅವಳಿಗೆ ನಾನು ಹೊಡೆದಿಲ್ಲ. ಅವಳೇ ನನಗೆ ಹೊಡೀತಾಳೆ. ನೋಡು, ನನ್ನ ಹೆಸರು ಇನ್ನೂ ಗಟ್ಟಿಯಾಗೈತೆ."

ನಾಲ್ಕನೆಯ ದಿನ ಬಿದಿರಿನ ಕೋಲು ತೆಗೆದುಕೊಂಡೆ. ಕರೆದೆ. ಬಂತು. ಮೂತಿಯ ಮೇಲೆ ಹೊಡೆದೆ. ಅದು ಕೂಗಿ ಮೂಲೆಗೆ ಓಡಿತು. ಮತ್ತೆ ಕರೆದೆ, ಬಹಳ ಹೊತ್ತಿನ ಮೇಲೆ ಬಂತು, ಮತ್ತೆ ಹೊಡೆದೆ. ಸಂಜೆಯ ಹೊತ್ತಿಗೆ ಅದು ಬರುವುದನ್ನು ನಿಲ್ಲಿಸಿತು. ಡಾಕ್ಟರನ್ನು ಕರೆದು ತೋರಿಸಿದೆ. ಅವರು ಕಂಬಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದರು. ನಾನು ಕರೆದಾಗ ಹಂದಿ ಮೂಲೆಯಲ್ಲೇ ಇತ್ತು, ಆದರೆ ತಲೆ ನನ್ನ ಕಡೆಗಿತ್ತು, ಎರಡೂ ಕಿವಿ ನೆಟ್ಟಗಾಗಿದ್ದವು.

"ಹೆದರಿ ತಿರುಗಿದರೂ ತಿರುಗಿದ ಹಾಗೇ ಅಲ್ವಾ ಕೆಂಚಪ್ಪ?" ಎಂದು ಕೇಳಿದರು.

ಕೆಂಚಪ್ಪ ಕತ್ತಿಯ ತುದಿಯನ್ನು ಅದರ ಕಿವಿಯ ಮೇಲೆ ಹಗುರಾಗಿ ಎಳೆದು ನೋಡಿದರು. ಗೀರು ಕೂಡ ಬೀಳಲಿಲ್ಲ. "ಮೊದಲಿಗಿಂತ ಗಟ್ಟಿಯಾಗೈತೆ," ಎಂದರು, ನನ್ನ ಮುಖ ನೋಡದೆ.

ನಾಲ್ಕು ದಿನ ಕಳೆದುಹೋಗಿದ್ದವು. ಮಾರನೆಯ ದಿನ ಬೆಳಿಗ್ಗೆ ದೊಡ್ಡಿಗೆ ಹೊರಡುವ ಮುಂಚೆ ಲಲ್ಲಿಗೆ ತಲೆ ಬಾಚಲು ಕೂತೆ. ಅಂಬು ನನ್ನ ಬೆನ್ನಿಗೆ ಜೋತುಬಿದ್ದಿದ್ದಳು. ಲಲ್ಲಿಯ ಕೂದಲು ದಟ್ಟ, ಸಿಕ್ಕು ಬಿಡಿಸಲು ತಾಳ್ಮೆ ಬೇಕು.

"ಅಮ್ಮಾ, ಆ ಹಂದಿಗೂ ನನಗೆ ಮಾಡಿದ ಹಾಗೇ ಮಾಡ್ತಿದ್ದೀಯಂತೆ," ಎಂದಳು.

ಬಾಚಣಿಗೆ ಕೂದಲಲ್ಲೇ ನಿಂತಿತು. "ಯಾರು ಹೇಳಿದ್ರು?"

"ಭಾಗಕ್ಕ. ಗೋಡೆ ಕಡೆ ಮುಖ ಮಾಡ್ತೀಯಾ?"

"ಹೂಂ."

"ಅದರಿಂದ ಆಗಲ್ಲ ಅಮ್ಮ. ಬೆನ್ನು ನೋಡಿದ್ರೆ ಗೊತ್ತಾಗುತ್ತೆ. ನಿನ್ನ ಬೆನ್ನು ಅಳುತ್ತೆ."

ಅವಳು ಮುಂದಕ್ಕೆ ಬಾಗಿ ಉಗುರಿನಿಂದ ನೆಲ ಕೆರೆಯುತ್ತ ಕೂತಿದ್ದಳು.

"ನಾನು ಆಗ ಎಂಟನೇ ದಿನವೇ ತೀರ್ಮಾನ ಮಾಡಿಬಿಟ್ಟಿದ್ದೆ, ಗೊತ್ತಾ? ತಿರುಗಬಾರದು ಅಂತ. ಆಸ್ಪತ್ರೆ ಉಪ್ಪಿಟ್ಟು ತಿಂದು ತಿಂದು ಸಾಕಾಗಿತ್ತು. ನೀನು ಮೊದಲನೇ ಸಲ ಕರೆದೆ, ತಿರುಗಲಿಲ್ಲ. ಎರಡನೇ ಸಲಾನೂ ತಿರುಗಲಿಲ್ಲ. ಮೂರನೇ ಸಲ ನಿನ್ನ ದನಿ ಒಡೀತು. ಅಮ್ಮನಿಗೆ ಏನಾಯ್ತೋ ಅಂತ ನೋಡ್ದೆ. ಅಷ್ಟೇ."

ಮೂರು ವರ್ಷದಿಂದ ನಾನು ಅಂದುಕೊಂಡದ್ದೇ ಬೇರೆ. ನನ್ನನ್ನು ಬಿಟ್ಟಿರಲಾರದೆ ತಿರುಗಿದಳು ಎಂದು ಅಂದುಕೊಂಡಿದ್ದೆ. ಆ ಕಣ್ಣು ಹೋದದ್ದಕ್ಕೆ ಅದೊಂದೇ ಸಮಾಧಾನವಾಗಿತ್ತು. ಬಾಚಣಿಗೆಯನ್ನು ಮತ್ತೆ ಎಳೆದೆ. ಅವಳು "ಆಂ, ಮೆಲ್ಲಗೆ" ಎಂದಳು.

"ಹಾಗಾದರೆ ಹೇಗೆ ಕರೀಬೇಕು?" ಎಂದು ಕೇಳಿದೆ. ಒಂಬತ್ತು ವರ್ಷದ ಮಗುವನ್ನು ಕೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ.

ಅವಳು ಯೋಚಿಸಿದಳು. "ಬಸ್ ಸ್ಟ್ಯಾಂಡಲ್ಲಿ ಒಬ್ಬ ಊರ ಹೆಸರು ಕೂಗ್ತಾನಲ್ಲ, ಹಾಗೆ. ಅವನು ನಮ್ಮ ಊರ ಹೆಸರು ಕೂಗಿದ್ರೂ ನನ್ನನ್ನ ಕರೆದ ಹಾಗೆ ಅನ್ಸಲ್ಲ."

ಆ ದಿನದಿಂದ ಬೆನ್ನು ತಿರುಗಿಸುವುದನ್ನೂ ಕೋಲನ್ನೂ ಬಿಟ್ಟೆ. ಗೂಡಿನ ಮುಂದೆ ಮಣೆ ಹಾಕಿಕೊಂಡು ಕೂತೆ. ಅವರೆಕಾಯಿ ತಂದಿದ್ದೆ. ಕಾಯಿ ಸುಲಿಯುತ್ತ ಸುಮ್ಮನೆ "ಕೊನೇದು" ಎನ್ನುತ್ತಿದ್ದೆ. ಹತ್ತಿರ ಬಂದರೆ ಓಡಿಸಲಿಲ್ಲ, ದೂರ ಹೋದರೆ ನೋಡಲಿಲ್ಲ. ಮೇವಿಲ್ಲ, ಏಟಿಲ್ಲ. ಕೊನೇದು, ಕೊನೇದು. ಭಾಗಿಯೊಡನೆ ಮಾತಾಡುತ್ತ ನಡುವೆ ಒಮ್ಮೆ ಕೊನೇದು. ಬಕೆಟ್ ತೊಳೆಯುತ್ತ ಕೊನೇದು. ದಿನಕ್ಕೆ ನೂರು ಸಲವೋ ಇನ್ನೂರು ಸಲವೋ. ಮೊದಲ ದಿನ ಕೋಲಿಲ್ಲದ್ದನ್ನು ಕಂಡು ಅದು ಮತ್ತೆ ಪ್ರತಿ ಸಲ ಎದ್ದು ಬಂತು, ಬಂದು ನಿಂತು, ನನ್ನ ಕೈ ನೋಡಿ ಹೋಯಿತು. ಏಳನೆಯ ದಿನ ಬರುವುದು ಕಡಿಮೆಯಾಯಿತು, ತಲೆ ಮಾತ್ರ ಎತ್ತುತ್ತಿತ್ತು. ಎಂಟನೆಯ ದಿನ ಬರೀ ಕಿವಿ.

ಕಷ್ಟವಾದದ್ದು ಹಂದಿಯ ಕಿವಿಯಲ್ಲ, ನನ್ನ ಗಂಟಲು. ದನಿಯಿಂದ ತೆಗೆಯಬೇಕಾದ ಅಕ್ಕರೆಯನ್ನು ದೊಡ್ಡಿಯಲ್ಲಿ ತೆಗೆದಿಟ್ಟು ಮನೆಗೆ ಹೋಗುವಾಗ ಮತ್ತೆ ಹಾಕಿಕೊಳ್ಳಲು ಬರುವುದಿಲ್ಲ. ಒಂಬತ್ತನೆಯ ದಿನ ಮನೆಗೆ ಬಂದು ಅಂಬುವನ್ನು ಕರೆದಾಗ ಅವಳು ಆಟ ನಿಲ್ಲಿಸಿ ನನ್ನ ಮುಖ ನೋಡಿದಳು, ಅಪರಿಚಿತರು ಬಂದಾಗ ನೋಡುವಂತೆ. ನಾನು ಬೇಗ ಹೋಗಿ ಎತ್ತಿಕೊಂಡೆ. ಅವಳು ನನ್ನ ಬಾಯಿಗೆ ಬೆರಳು ಹಾಕಿ ನೋಡಿದಳು.

ಹತ್ತನೆಯ ದಿನ ಬೆಳಿಗ್ಗೆ ಡಾಕ್ಟರ್, ಕೆಂಚಪ್ಪ, ಭಾಗಿ ಗೋಡೆಯ ಪಕ್ಕ ನಿಂತರು. ಹಂದಿ ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ಎಚ್ಚರವಾಗಿದೆ ಎಂದು ಬಾಲ ಹೇಳುತ್ತಿತ್ತು. ನಾನು ಕಂಬಿಯ ಬಳಿ ನಿಂತೆ.

"ಕೊನೇದೇ."

ಕಿವಿ ಅಲುಗಲಿಲ್ಲ. ಭಾಗಿಯ ಬಳೆ ಸದ್ದಾಯಿತು, ಡಾಕ್ಟರ್ ಅವಳ ಮುಂಗೈ ಹಿಡಿದುಕೊಂಡರು.

"ಕೊನೇದೇ."

ಒಂದು ನೊಣ ಅದರ ಬಲಗಿವಿಯ ಮೇಲೆ ಕೂತಿತು. ಕಿವಿ ಪಟಪಟ ಬಡಿದುಕೊಂಡಿತು. ಕೆಂಚಪ್ಪ ತಲೆಯಾಡಿಸಿ, ನೊಣದ ಕಡೆ ಬೆರಳು ತೋರಿಸಿದರು. ಅದು ಹಾರಿಹೋಗುವವರೆಗೆ ಕಾದೆ. ಹಾಗೆ ಕಾಯುವಾಗ ಹಂದಿಯ ಮೂತಿಯ ಈಚೆ ಬದಿಯಲ್ಲಿ ನಾನು ಹೊಡೆದ ಬಾಸುಂಡೆ ಕಂಡಿತು. ಅದು ಒಣಗಿ ಸಿಪ್ಪೆ ಏಳುತ್ತಿತ್ತು. ಈಗ ಕರೆದರೆ ದನಿ ಒಡೆದು ಅದು ತಿರುಗುತ್ತದೆ ಎಂದು ಗೊತ್ತಾಯಿತು. ಕರೆಯದೆ ನಿಂತೆ. ಡಾಕ್ಟರ್ ನನ್ನನ್ನೇ ನೋಡುತ್ತಿದ್ದರು. ಬಾಸುಂಡೆಯಿಂದ ಕಣ್ಣು ತೆಗೆದು ಕಂಬಿಯ ತುಕ್ಕು ನೋಡಿದೆ. ತುಕ್ಕು ಎಲ್ಲೆಲ್ಲಿ ಎದ್ದಿದೆ, ಎಲ್ಲಿ ಬಣ್ಣ ಇನ್ನೂ ಉಳಿದಿದೆ, ಯಾವ ಕಂಬಿ ಬದಲಿಸಬೇಕು ಎಂದು ನೋಡಿದೆ. ಎಡದಿಂದ ನಾಲ್ಕನೆಯದು ಬದಲಿಸಬೇಕು ಅನ್ನಿಸಿತು. ಆಗ ಕರೆದೆ.

"ಕೊನೇದೇ."

ಹಂದಿ ನಿಟ್ಟುಸಿರುಬಿಟ್ಟು ಗೋಡೆಯ ಕಡೆಗೇ ಇನ್ನಷ್ಟು ಹೊರಳಿಕೊಂಡಿತು.

ಕೆಂಚಪ್ಪ ನನ್ನನ್ನು ಹೊರಗೆ ಹೋಗಲು ಹೇಳಿದರು. ನಾನು ಹೋಗಲಿಲ್ಲ. ಈ ಸಲ ಅಲಗು ಜಾರಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಸೀಳುವ ಮೇಜಿಗೆ ಬಂದಾಗ ಹತ್ತು ಗಂಟೆ. ಡಾಕ್ಟರ್ "ಭಾಗಿ ಮಾಡಲಿ, ನೀವು ಕೂತ್ಕೊಳ್ಳಿ" ಎಂದರು. ಬೇಡ ಎಂದೆ. ಭಾಗಿ ತೊಡೆ ತೆಗೆದುಕೊಂಡಳು, ನಾನು ನಾಲಿಗೆಯಿಂದ ಶುರು ಮಾಡಿದೆ. ಹಾಳೆಯಷ್ಟು ತೆಳುವಾಗಿ ಸೀಳಿ, ಬೆಳಕಿಗೆ ಹಿಡಿದು, ಎರಡೂ ಬದಿ ನೋಡಿ ತಟ್ಟೆಗೆ ಇಡಬೇಕು. ನಾಲಿಗೆಯಲ್ಲಿ ಇಲ್ಲ. ದವಡೆಯಲ್ಲಿ ಇಲ್ಲ. ಭುಜದಲ್ಲಿ ಇಲ್ಲ. ಪ್ರತಿಯೊಂದಕ್ಕೂ ನಾವು ಕೂಗಿ ಹೇಳುತ್ತಿದ್ದೆವು, ಡಾಕ್ಟರ್ ಬರೆದುಕೊಳ್ಳುತ್ತಿದ್ದರು. ಇಲ್ಲ, ಇಲ್ಲ, ಇಲ್ಲ. ಮಧ್ಯಾಹ್ನ ಯಾರೂ ಊಟಕ್ಕೆ ಏಳಲಿಲ್ಲ. ಕೆಂಚಪ್ಪ ಕತ್ತಿಗಳನ್ನು ಮಸೆದು ಮಸೆದು ಕೊಡುತ್ತಿದ್ದರು.

ಹೃದಯ ಉಳಿದಿತ್ತು. ಆರನೆಯ ಸೀಳಿನಲ್ಲಿ ಒಂದು ಬಿಳಿ ಚುಕ್ಕೆ ಸಿಕ್ಕಿತು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಡಾಕ್ಟರ್ ಆಗ ಭಾಗಿಯ ತಟ್ಟೆಯ ಮೇಲೆ ಬಾಗಿದ್ದರು. ಕೆಂಚಪ್ಪ ನನ್ನ ಎದುರಿಗೇ ಇದ್ದರು, ನೋಡಿದರು.

"ಕೊಬ್ಬು ಇರಬೇಕು ಬಿಡವ್ವ," ಎಂದರು, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಕೊಬ್ಬಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕತ್ತಿಯ ತುದಿಯಿಂದ ಅದನ್ನು ಕೆರೆದು ಸೆರಗಿಗೆ ಒರೆಸಿಕೊಂಡರೆ ಮುಗಿಯಿತು. ನಾಲ್ಕಕ್ಕೆ ನಾಲ್ಕೂ ಸ್ವಚ್ಛ. ಲಸಿಕೆ ನಮ್ಮ ಬೀದಿಗೆ ಬರುತ್ತದೆ. ಆದರೆ ಕೆಲಸ ಮಾಡದ ಲಸಿಕೆ ಬಂದರೆ ನಮ್ಮ ಬೀದಿಯ ಹಂದಿಗಳ ಮೈಯಲ್ಲಿ ಇದೇ ಚುಕ್ಕೆಗಳಿರುತ್ತವೆ, ನಾನು ಧೈರ್ಯವಾಗಿ ಅಂಬುವನ್ನು ಅಂಗಳಕ್ಕೆ ಬಿಡುತ್ತೇನೆ. ಒಂದು ಕಣ್ಣನ್ನು ನನ್ನ ದನಿಯಿಂದ ಕಳೆದವಳು ನಾನು. ಇನ್ನೊಂದನ್ನು ನನ್ನ ಸುಮ್ಮನಿರುವಿಕೆಯಿಂದ ಕಳೆಯಲು ಧೈರ್ಯವಾಗಲಿಲ್ಲ.

"ಒಂದು," ಎಂದೆ.

ಬರೆಯುತ್ತಿದ್ದ ಪೆನ್ನು ನಿಂತಿತು. ಭಾಗಿ ಕೈಯಲ್ಲಿದ್ದ ಸೀಳನ್ನು ಮೇಜಿನ ಮೇಲೆ ಇಟ್ಟಳು. ಡಾಕ್ಟರ್ ಬಂದು, ಚಿಮಟಿಗೆಯಲ್ಲಿ ಆ ಚುಕ್ಕೆಯನ್ನು ತೆಗೆದು, ಗಾಜಿನ ಮೇಲಿಟ್ಟು ಒಳಗೆ ಹೋದರು. ಸೂಕ್ಷ್ಮದರ್ಶಕದ ಕೋಣೆಯ ಬಾಗಿಲು ತೆರೆದೇ ಇತ್ತು. ಅವರ ಬೆನ್ನು ಕಾಣುತ್ತಿತ್ತು. ಬಹಳ ಹೊತ್ತು ಬೆನ್ನು ಅಲುಗಲಿಲ್ಲ.

"ಹೇಳಬಾರದಿತ್ತು ನೀನು," ಎಂದರು ಕೆಂಚಪ್ಪ. ಆಮೇಲೆ ಎದ್ದು ನನಗೆ ಒಂದು ಲೋಟ ನೀರು ತಂದುಕೊಟ್ಟರು.

ಡಾಕ್ಟರ್ ಹೊರಗೆ ಬಂದಾಗ ಅವರ ಕಣ್ಣಿನ ಸುತ್ತ ಸೂಕ್ಷ್ಮದರ್ಶಕದ ಅಂಚು ಒತ್ತಿದ ಗುರುತಿತ್ತು. "ಸತ್ತಿದೆ," ಎಂದರು. "ಸುಣ್ಣ ಕಟ್ಟಿದೆ. ಒಳಗೆ ಜೀವಂತ ಹುಳ ಇಲ್ಲ. ಹೃದಯದವರೆಗೆ ಬಂದಿತ್ತು, ಅಲ್ಲಿ ರಕ್ತಕ್ಕೆ ಸಿಕ್ಕಿಬಿದ್ದಿದೆ." ನನ್ನ ಕಡೆ ತಿರುಗಿ ಹೇಳಿದರು. "ಬಾಕಿ ಮೂರರಲ್ಲಿ ಏನೂ ಸಿಕ್ಕಿರಲಿಲ್ಲ ವೇಣಕ್ಕ. ಹುಳ ಒಳಗೆ ಹೋಗಲೇ ಇಲ್ಲವೋ, ಹೋಗಿ ಸತ್ತಿತೋ ಅಂತ ಸಮಿತಿಯವರು ನನ್ನನ್ನ ಕೇಳೋರು. ಈಗ ತೋರಿಸೋಕೆ ಹೆಣ ಇದೆ."

ಹೃದಯದ ಉಳಿದ ಸೀಳುಗಳಲ್ಲಿ ಏನೂ ಇರಲಿಲ್ಲ. ಲಕೋಟೆಯ ಅರಗು ಒಡೆದರು. ಸ್ವಚ್ಛವಾಗಿದ್ದ ನಾಲ್ಕಕ್ಕೂ ಎರಡನೆಯ ಪ್ರೋಟೀನು ಚುಚ್ಚಿದ್ದರು. ಭಾಗಿ ಅಳತೊಡಗಿದಳು, ಕೆಂಚಪ್ಪ ಅವಳನ್ನು ಹಂಗಿಸಿದರು, ತಾವೂ ಟವೆಲಿನಿಂದ ಮೂಗು ಒರೆಸಿಕೊಂಡರು. ನಾನು ಒಂದೇ ಮಾತು ಕೇಳಿದೆ. ನಮ್ಮ ಬೀದಿಯ ಹಂದಿಗಳಿಗೆ ಇದು ಯಾವಾಗ ಬರುತ್ತದೆ?

ಡಾಕ್ಟರ್ ಸುಳ್ಳು ಹೇಳುವವರಲ್ಲ. "ಇನ್ನೂ ಹೆಚ್ಚು ಹಂದಿಗಳ ಮೇಲೆ ನೋಡಬೇಕು. ಆಮೇಲೆ ಒಪ್ಪಿಗೆ. ಎರಡು ವರ್ಷ. ಎಲ್ಲ ಸರಿಯಾಗಿ ನಡೆದರೆ."

ಮನೆಗೆ ಬಂದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಅಂಬು ಮೆಟ್ಟಿಲ ಕೆಳಗೆ ಕೂತು ಎರಡೂ ಕೈಯಲ್ಲಿ ಮಣ್ಣು ತುಂಬಿಕೊಂಡಿದ್ದಳು. ತುಟಿಯ ಅಂಚಿಗೂ ಅಂಟಿತ್ತು. ಲಲ್ಲಿ ಅವಳನ್ನು ಎಳೆಯಲು ನೋಡುತ್ತಿದ್ದಳು, ಅವಳು ಕೂಗುತ್ತಿದ್ದಳು. ನಾನು ಬಚ್ಚಲಿನಿಂದ ನೀರು, ಸೋಪು ತಂದು ಅಂಬುವಿನ ಮುಂದೆ ಕೂತೆ. ಒಂದು ಕೈ ಬಿಡಿಸಿ, ಬೆರಳು ಬೆರಳಿನ ಸಂದು ತಿಕ್ಕಿದೆ, ಉಗುರಿನ ಬುಡ ತಿಕ್ಕಿದೆ. ಅವಳು ಇನ್ನೊಂದು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಹಂದಿ ಏನಾಯ್ತಮ್ಮ?" ಎಂದು ಲಲ್ಲಿ ಕೇಳಿದಳು.

"ತಿರುಗಲಿಲ್ಲ."

ಅವಳು ತಂಬಿಗೆಯಿಂದ ನೀರು ಹೊಯ್ದಳು. ನೊರೆ ಇಳಿದು ಮಣ್ಣಿಗೆ ಹೋಯಿತು.

"ಇವಳ ಕೈಯನ್ನ ಹೀಗೆ ಎಷ್ಟು ದಿನ ತೊಳೀಬೇಕು?"

"ಎರಡು ವರ್ಷ. ತಿನ್ನೋ ಮುಂಚೆ, ಎದ್ದ ಮೇಲೆ, ಅಂಗಳದಿಂದ ಬಂದಾಗೆಲ್ಲ. ಒಂದು ಸಲವೂ ಬಿಡಬಾರದು. ನಾನು ಕೆಲಸಕ್ಕೆ ಹೋದಾಗ ನೀನು."

ಲಲ್ಲಿ ಒಳ್ಳೆಯ ಕಣ್ಣಿನಿಂದ ತಂಗಿಯನ್ನು ಅಳೆದು ನೋಡಿದಳು. ಆಮೇಲೆ ತಂಬಿಗೆ ಕೆಳಗಿಟ್ಟು, ಅವಳ ಬೆನ್ನ ಹಿಂದೆ ಕೂತಳು.

"ಆ ಕೈ ಕೊಡೇ," ಎಂದಳು.